ಹಾಲನ್ನ ಉಂಡ ಬೆಕ್ಕು

ಧನಕವಡಿಯ ಆ ಓಣಿಯಲ್ಲಿ ತ್ರಿವೇಣಿಗೆ ಹೆಸರು ತಂದುಕೊಟ್ಟದ್ದು ಒಂದು ಬೆಕ್ಕು. ಹತ್ತೊಂಬತ್ತು ವರ್ಷ ರೊಟ್ಟಿ ಬಡಿದದ್ದಕ್ಕೆ ಬಾರದ ಹೆಸರು, ಒಂದು ಹೆಣ್ಣು ಒಂದು ಗಂಡು ಹೆತ್ತು ಬೆಳೆಸಿದ್ದಕ್ಕೆ ಬಾರದ ಹೆಸರು, ಗಂಡ ಚನ್ನವೀರನ ಝೆರಾಕ್ಸ್ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಕೂತು ಕಾಲೇಜು ಹುಡುಗರ ಜರ್ನಲ್ಲುಗಳಿಗೆ ಬೈಂಡಿಂಗ್ ಮಾಡಿದ್ದಕ್ಕೆ ಬಾರದ ಹೆಸರು, ಒಂದು ಬೂದು ಬಣ್ಣದ ಬೆಕ್ಕು ಮೀನು ಬಿಟ್ಟು ಹಾಲನ್ನ ಉಂಡದ್ದಕ್ಕೆ ಬಂತು. ಸೋಮವಾರ ಸಂಜೆ ವಚನ ಹಾಡಲು ಸೇರುವ ಹೆಂಗಸರು ಕಾತ್ರಜ, ಬಿಬವೇವಾಡಿ ಕಡೆಯಿಂದೆಲ್ಲ ಬರುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ, "ಎಲ್ಲಿ ಅದಾಳ್ರಿ ನಿಮ್ಮ ಶರಣವ್ವ?" ಎಂದು ಕೇಳುತ್ತಿದ್ದರು.

ಬೆಕ್ಕು ಅವರದಲ್ಲ. ಮೇಲಿನ ಮಹಡಿಯ ಬಾಡಿಗೆ ಖೋಲಿಯಲ್ಲಿದ್ದ ಅಪೂರ್ವಳದು. ಹುಡುಗಿ ಮಂಡ್ಯದ ಕಡೆಯವಳು, ಕೆಲಸ ಖರಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ. ಖರಾಡಿಯಲ್ಲಿ ಕೆಲಸವಿದ್ದವಳು ಊರಿನ ಇನ್ನೊಂದು ತುದಿಗೆ ಯಾಕೆ ಮನೆ ಹಿಡಿದೆ ಎಂದು ಯಾರಾದರೂ ಕೇಳಿದರೆ, ಒಂಟಿ ಹುಡುಗಿಗೂ ಬೆಕ್ಕಿಗೂ ಒಟ್ಟಿಗೆ ಮನೆ ಕೊಡುವವರು ಪುಣೆಯಲ್ಲಿ ಇವರೊಬ್ಬರೇ ಸಿಕ್ಕಿದ್ದು ಎನ್ನುತ್ತಿದ್ದಳು. ಬೆಕ್ಕಿಗೆ ಅವಳು ಇಟ್ಟ ಹೆಸರು ಕೋಡುಬಳೆ. ಮಲಗಿದಾಗ ಬಾಲವನ್ನು ಮೂಗಿಗೆ ಮುಟ್ಟಿಸಿಕೊಂಡು ಸುತ್ತಿಕೊಳ್ಳುತ್ತಿತ್ತು, ಅದಕ್ಕೆ.

ಕಂಪನಿಯವರು ಅವಳನ್ನು ಪೋಲೆಂಡಿಗೆ ಕಳಿಸಿದರು. ಆರು ತಿಂಗಳ ಕೆಲಸ ಎಂದರು. ಬೆಕ್ಕನ್ನು ಊರಿಗೆ ಕಳಿಸುವಂತಿರಲಿಲ್ಲ, ಅವಳ ಅಮ್ಮನಿಗೆ ಬೆಕ್ಕಿನ ಕೂದಲು ತಾಗಿದರೆ ಉಬ್ಬಸ. ಹೊರಡುವ ಹಿಂದಿನ ದಿನ ಅಪೂರ್ವ ತ್ರಿವೇಣಿಯನ್ನು ಮೇಲೆ ಕರೆದು, ಕೂರಿಸಿ, ಎದುರಿಗೆ ತಾನೂ ಕೂತಳು. ಮರಳಿನ ತಟ್ಟೆ ಹೇಗೆ ತೊಳೆಯಬೇಕು, ಉಗುರು ಎಲ್ಲಿಯವರೆಗೆ ಕತ್ತರಿಸಬೇಕು, ಎಲ್ಲ ಹೇಳಿ ಕೊನೆಗೆ ಮೂಲೆಯಲ್ಲಿದ್ದ ಬೆಕ್ಕಿನ ತಿನಿಸಿನ ದೊಡ್ಡ ಚೀಲ ತೋರಿಸಿದಳು.

"ಆಂಟಿ, ಬೇರೆ ಏನ್ ಮರೆತ್ರೂ ಪರವಾಗಿಲ್ಲ, ಇದೊಂದು ಮರೀಬೇಡಿ. ಇದಕ್ಕೆ ಈ ಕಾಳೇ ಹಾಕ್ಬೇಕು. ಹಾಲು ಅನ್ನದಲ್ಲಿ ಹೊಟ್ಟೆ ತುಂಬತ್ತೆ ಅಷ್ಟೇ. ಮಾಂಸದಲ್ಲಿರೋ ಒಂದು ಸತ್ವ ಬೆಕ್ಕಿಗೆ ಬೇಕೇ ಬೇಕು. ಅದಿಲ್ದಿದ್ರೆ ಕಣ್ಣು ಹೋಗತ್ತೆ."

"ಕಣ್ಣು?"

"ಹೂಂ ಆಂಟಿ. ಪೂರ್ತಿ. ಆಮೇಲೆ ಬರಲ್ಲ."

ತ್ರಿವೇಣಿ ಬೆಕ್ಕಿನ ತಲೆ ಸವರುತ್ತ, ತನ್ನ ಕೂಸಿನಂತೆ ನೋಡಿಕೊಳ್ಳುತ್ತೇನೆ, ನೀನು ನಿಶ್ಚಿಂತೆಯಿಂದ ಹೋಗಿ ಬಾ ಎಂದಳು. ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ಅದು ಅವಳ ಮನಸ್ಸಿನಲ್ಲಿದ್ದ ಮಾತೇ.

ಅವರದು ಕಟ್ಟಾ ಲಿಂಗಾಯತರ ಮನೆ. ತತ್ತಿಯ ಸಿಪ್ಪೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಅತ್ತೆ ಭೀಮವ್ವ ನರಗುಂದದಿಂದ ಪುಣೆಗೆ ಬಂದು ನಲವತ್ತು ವರ್ಷವಾಗಿತ್ತು. ಮರಾಠಿ ಮಾತಾಡುವಾಗಲೂ ಅವರ ದನಿಯಲ್ಲಿ ನರಗುಂದದ ಧೂಳು ಹಾರುತ್ತಿತ್ತು. ಸೊಸೆಯ ಬಗ್ಗೆ ಅವರದು ಒಂದೇ ಮಾತು. ರೊಟ್ಟಿ ದಪ್ಪ. ಮದುವೆಯಾದ ಹೊಸತರಲ್ಲಿ ದಪ್ಪ, ಈಗಲೂ ದಪ್ಪ. ಬೈಗುಳವೆಂದು ಹೇಳುತ್ತಿರಲಿಲ್ಲ, ಬಿಸಿಲು ಜಾಸ್ತಿ ಎನ್ನುವ ಹಾಗೆ ಹೇಳುತ್ತಿದ್ದರು, ಮತ್ತೆ ಆ ದಪ್ಪ ರೊಟ್ಟಿಯನ್ನೇ ಎರಡು ತಿನ್ನುತ್ತಿದ್ದರು. ಚನ್ನವೀರ ಮಾತ್ರ ಅಂಗಡಿ ಮುಚ್ಚಿದ ಮೇಲೆ ಆಗೀಗ ಕಾತ್ರಜದ ಗಾಡಿಯಲ್ಲಿ ತತ್ತಿಯ ಭುರ್ಜಿ ತಿಂದು, ಬಾಯಿಗೆ ಬಡೇಸೋಪು ಹಾಕಿಕೊಂಡು ಬರುತ್ತಿದ್ದ. ತ್ರಿವೇಣಿಗೆ ಗೊತ್ತಿತ್ತು. ಹೊರಗೆ ತಿಂದದ್ದು ಹೊರಗೆ ಎಂದು ಸುಮ್ಮನಿದ್ದಳು.

ಕಾಳಿನ ಚೀಲವನ್ನು ಅವಳು ಮೇಲಿನ ಖೋಲಿಯಲ್ಲೇ ಬಿಟ್ಟು, ದಿನಕ್ಕೆರಡು ಸಲ ಬೆಕ್ಕನ್ನು ಎತ್ತಿಕೊಂಡು ಹೋಗಿ ತಿನ್ನಿಸಿ ತರುತ್ತಿದ್ದಳು. ಒಂದೂವರೆ ತಿಂಗಳು ಹೀಗೇ ನಡೆಯಿತು. ಹುಣ್ಣಿಮೆ, ಅಮಾವಾಸ್ಯೆ ಎಂದು ಯಾವುದೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಸಂಡಿಗೆ. ಬಿಸಿಲಿಗೆ ಸಂಡಿಗೆ ಹಾಕಲು ಮೇಲೆ ಹೋದ ಭೀಮವ್ವ, ಬಾಗಿಲು ತೆರೆದಿದ್ದ ಖೋಲಿಯಲ್ಲಿ ಇಣುಕಿದರು.

"ತ್ರಿವೇಣಿ, ಈ ಚೀಲದ ಮ್ಯಾಲೆ ಮೀನಿನ ಚಿತ್ರ ಯಾಕದ?"

"ಅದು ಕಂಪನಿ ಗುರ್ತ್ರಿ ಅತ್ತಿ."

ಭೀಮವ್ವ ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವರು. ಆದರೆ ಮೀನು ಯಾವುದು, ಗುರುತು ಯಾವುದು ಎಂದು ತಿಳಿಯದಷ್ಟು ಕಡಿಮೆ ಓದಿದವರಲ್ಲ. ಚೀಲದ ಬಾಯಿ ಬಿಚ್ಚಿ ಒಮ್ಮೆ ಮೂಸಿದರು. ಕೂಗಾಡಲಿಲ್ಲ. ಕೆಳಗೆ ಬಂದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: "ಬೆಕ್ಕ ಇರಲಿ. ಅದರ ಚೀಲ ಬ್ಯಾಡ."

ಇಷ್ಟೇ. ಆ ಹೊತ್ತು ತ್ರಿವೇಣಿ ಬಾಯಿ ತೆರೆದಿದ್ದರೆ ಆಗುತ್ತಿತ್ತು. ಅತ್ತಿ, ಅದಿಲ್ಲದಿದ್ದರೆ ಕಣ್ಣು ಹೋಗುತ್ತದಂತೆ ಎಂದು ಒಂದು ಮಾತು. ಮಾತು ನಾಲಿಗೆಯವರೆಗೆ ಬಂದಿತ್ತು. ಆದರೆ ಹತ್ತೊಂಬತ್ತು ವರ್ಷದ ರೂಢಿ ಅಂದರೆ ರೂಢಿ. ಅತ್ತೆ ಬ್ಯಾಡ ಎಂದ ಮೇಲೆ ಹೂಂ ಎನ್ನುವ ಶಬ್ದ ಅವಳ ಗಂಟಲಿನಿಂದ ತಾನಾಗಿಯೇ ಹೊರಡುತ್ತಿತ್ತು, ಅಂದೂ ಹೊರಟಿತು. ಆರು ತಿಂಗಳಲ್ಲಿ ಒಂದೂವರೆ ಮುಗಿದೇ ಹೋಗಿದೆ, ಉಳಿದದ್ದರಲ್ಲಿ ಏನಾದೀತು ಎಂದು ತನಗೆ ತಾನೇ ಹೇಳಿಕೊಂಡಳು.

ಬೆಕ್ಕು ಎರಡು ದಿನ ಹಾಲನ್ನವನ್ನು ಮೂಸಿ ಮುಖ ತಿರುಗಿಸಿತು. ಮೂರನೆಯ ದಿನ ತಿಂದಿತು. ವಾರ ಕಳೆಯುವುದರಲ್ಲಿ ತುಪ್ಪ ಸವರಿದ ಚಪಾತಿಯ ಚೂರನ್ನೂ ತಿನ್ನತೊಡಗಿತು. ಸೋಮವಾರ ಹೆಂಗಸರು ಸೇರಿದ್ದರು. ತ್ರಿವೇಣಿ ಒಳಗೆ ಸೂಸಲಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಹೊರಗೆ ಅತ್ತೆಯ ದನಿ ಕೇಳಿಸಿತು.

"ನಮ್ಮ ತ್ರಿವೇಣಿ ಮಾಡ್ಯಾಳ್ರಿ. ಮೀನ ತಿನ್ನೋ ಬೆಕ್ಕಿನ್ನ ಹಾಲನ್ನಕ್ಕ ತಂದಾಳ. ನನ್ನ ಕೈಲಿ ಆಗ್ತಿದ್ದಿಲ್ಲ. ಅಕಿ ಕೈಗುಣ."

ಸಾಸಿವೆ ಕರಿಯಾಯಿತು. ತ್ರಿವೇಣಿ ಒಲೆ ಆರಿಸದೆ ನಿಂತೇ ಇದ್ದಳು. ನಮ್ಮ ತ್ರಿವೇಣಿ. ಅಕಿ ಕೈಗುಣ. ಆ ಮನೆಯಲ್ಲಿ ಆ ಎರಡು ಮಾತು ಯಾವತ್ತಾದರೂ ಕೇಳಿದ್ದೆನೇ ಎಂದು ಲೆಕ್ಕ ಹಾಕಿದಳು. ಕೇಳಿರಲಿಲ್ಲ.

ಅಲ್ಲಿಂದ ಬೆಕ್ಕಿನ ಹೆಸರೂ ಬದಲಾಯಿತು. ತಿನ್ನುವ ವಸ್ತುವಿನ ಹೆಸರನ್ನು ಜೀವಕ್ಕೆ ಇಡಬಾರದೆಂದು ಭೀಮವ್ವ ಅದನ್ನು ಶರಣವ್ವ ಎಂದು ಕರೆದರು. ಹೆಂಗಸರು ನಕ್ಕರು, ಹೆಸರು ಮಾತ್ರ ನಿಂತಿತು. ಚನ್ನವೀರ ಬಡೇಸೋಪು ಅಗಿಯುತ್ತ, "ನಮ್ಮವ್ವ ಮೊದಲ ನನ್ನ ದಾರಿಗೆ ತಂದ್ಲು, ಆಮ್ಯಾಲೆ ನಿನ್ನ. ಬೆಕ್ಕ ಒಂದ ಉಳದಿತ್ತು," ಎಂದ. ಒಂದು ದಿನ ಶರಣವ್ವ ಬಚ್ಚಲಲ್ಲಿ ಹಲ್ಲಿ ಹಿಡಿದು ತಿಂದಿತು. ತ್ರಿವೇಣಿ ಅಲ್ಲಾಡುತ್ತಿದ್ದ ಹಲ್ಲಿಯ ಬಾಲವನ್ನು ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಎಸೆದು, ಕಿಟಕಿಗೆ ಜಾಲರಿ ಹೊಡೆಸಿದಳು. ಬೆಕ್ಕಿನ ಮಾನ ಈಗ ಅವಳ ಮಾನವಾಗಿತ್ತು.

ಇನ್ನು ಅಪೂರ್ವ. ಅವಳು ಭಾನುವಾರಕ್ಕೊಮ್ಮೆ ವಿಡಿಯೋ ಕೇಳುತ್ತಿದ್ದಳು. ಭೀಮವ್ವ ಆಳಿನ ಕೈಯಲ್ಲಿ ಚೀಲವನ್ನು ಹೊರಗೆ ಹಾಕಿಸುವ ಮೊದಲೇ ತ್ರಿವೇಣಿ ಅದರಿಂದ ಒಂದು ಡಬ್ಬಿಯಷ್ಟು ಕಾಳು ತೆಗೆದು ನೀರಿನ ಟಾಕಿಯ ಹಿಂದೆ ಇಟ್ಟಿದ್ದಳು. ಭಾನುವಾರ ಬೆಕ್ಕನ್ನು ಮೇಲೆ ಒಯ್ದು, ಬಟ್ಟಲಿಗೆ ಕಾಳು ಸುರಿದು, ಬೆಕ್ಕು ಬಾಯಿ ಹಾಕಿದ್ದನ್ನು ಮೊಬೈಲಿನಲ್ಲಿ ಹಿಡಿಯುವಳು. ಅರ್ಧ ನಿಮಿಷ ಸಾಕು. ಆಮೇಲೆ ಬಟ್ಟಲು ಎತ್ತಿ ಕಾಳನ್ನು ಡಬ್ಬಿಗೆ ವಾಪಸ್ ಸುರಿಯುವಳು, ಮುಂದಿನ ಭಾನುವಾರಗಳಿಗೂ ಬೇಕಲ್ಲ. ಬೆಕ್ಕು ಖಾಲಿ ನೆಲವನ್ನು ನೆಕ್ಕುತ್ತಿತ್ತು, ಆಮೇಲೆ ಅವಳ ಸೀರೆಯ ನಿರಿಗೆಗೆ ತಲೆ ತಿಕ್ಕುತ್ತಿತ್ತು. ವಿಡಿಯೋ ನೋಡಿದ ಅಪೂರ್ವ ಕೆಂಪು ಹೃದಯದ ಚಿತ್ರ ಕಳಿಸುತ್ತಿದ್ದಳು. ನಾಲ್ಕು ಭಾನುವಾರ ತ್ರಿವೇಣಿ ಅದನ್ನು ನೋಡದೆ ಮೊಬೈಲು ಮಗುಚಿಟ್ಟಳು. ಐದನೆಯದಕ್ಕೆ ತಾನೂ ಒಂದು ಹೃದಯ ಕಳಿಸಿದಳು.

ಪೋಲೆಂಡಿನ ಆರು ತಿಂಗಳು ಹನ್ನೆರಡಾಯಿತು, ಹನ್ನೆರಡು ಹದಿನೇಳಾಯಿತು. ಅಪೂರ್ವ ಪ್ರತಿಸಲ ಕ್ಷಮೆ ಕೇಳಿ, ಹೊಸ ಚೀಲ ಅಂಗಡಿಯವರ ಕೈಯಲ್ಲಿ ಕಳಿಸಲೇ ಎನ್ನುವಳು. ಬ್ಯಾಡವಾ, ಇಲ್ಲೇ ಸಿಗುತ್ತದೆ, ನಾನೇ ತರುತ್ತೇನೆ ಎಂದು ತ್ರಿವೇಣಿ ತಡೆಯುವಳು.

ವರ್ಷ ದಾಟಿದ ಮೇಲೆ ಬೆಕ್ಕಿನ ಕಣ್ಣು ಚಂದವಾದವು. ಮೊದಲು ಹಗಲು ಹೊತ್ತು ಸೀಳಿದ ಗೆರೆಯಂತಿದ್ದ ಕರಿಯ ಪಾಪೆ ಈಗ ಬಿಸಿಲಲ್ಲೂ ದುಂಡಗೆ, ದೊಡ್ಡದಾಗಿ ಇರುತ್ತಿತ್ತು. ದೀಪ ಹಚ್ಚಿದರೆ ಒಳಗಿನಿಂದ ಹಸಿರು ಬೆಳಕು ಚಿಮ್ಮುತ್ತಿತ್ತು. ಕಾತ್ರಜದ ಬಟ್ಟೆ ಅಂಗಡಿಯವರ ಮನೆಯ ಗುರುಬಸವ್ವ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಏನ್ ತೇಜ ಬಂದದ್ರೀ ಇದರ ಮಾರಿ ಮ್ಯಾಲೆ. ಶುದ್ಧ ಆಹಾರ ಅಂದ್ರ ಇದು ನೋಡ್ರಿ," ಎಂದರು. ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ತ್ರಿವೇಣಿಯೂ ನೋಡಿದಳು. ಅಪೂರ್ವ ಹೇಳಿಹೋದ ಮಾತು ನೆನಪಾಯಿತು. ಆದರೂ ಚಹಾದ ಕಪ್ಪು ಹಂಚುತ್ತ ನಕ್ಕಳು.

ಆಮೇಲೆ ಬೆಕ್ಕು ಕೆಟ್ಟ ನಡತೆ ಕಲಿಯಿತು. ಎಲ್ಲರೂ ಹಾಗೇ ಅಂದರು. ಫ್ರಿಜ್ಜಿನ ಮೇಲೆ ಹಾರುವುದನ್ನು ಬಿಟ್ಟಿತು. ಮರಳಿನ ತಟ್ಟೆಯ ಪಕ್ಕದಲ್ಲಿ, ಒಮ್ಮೊಮ್ಮೆ ಭೀಮವ್ವನ ಪೂಜೆಯ ಮಣೆಯ ಹತ್ತಿರವೇ ಉಚ್ಚೆ ಹೊಯ್ಯಿತು. ಮಲಗಿದ್ದಾಗ ಮುಟ್ಟಿದರೆ ಎಗರಿ ಬೀಳುತ್ತಿತ್ತು, ಚನ್ನವೀರನ ಹೆಬ್ಬೆರಳಿಗೆ ಹಲ್ಲು ಊರಿತು. ಸಲಹೆಗಳಿಗೆ ಬರವಿರಲಿಲ್ಲ. ಒಡತಿಯ ನೆನಪಾಗಿ ರೊಚ್ಚಿಗೆದ್ದಿದೆ ಎಂದ ಚನ್ನವೀರ. ದೃಷ್ಟಿಯಾಗಿದೆ, ಕರಿ ದಾರ ಕಟ್ಟಿರಿ ಎಂದರು ಗುರುಬಸವ್ವ. ಔಷಧಿ ಅಂಗಡಿಯವನು ಜಂತಿನ ಗುಳಿಗೆ ಕೊಟ್ಟ. ಕೆಳಗಿನ ಮನೆಯ ಮರಾಠಿ ಹೆಂಗಸು, ಬೆಕ್ಕು ಹಗೆ ಸಾಧಿಸುವ ಜಾತಿ, ಮೂಗನ್ನು ಉಚ್ಚೆಗೆ ತಿಕ್ಕಿ ಬಚ್ಚಲಲ್ಲಿ ಕೂಡಿ ಹಾಕು, ಎರಡೇ ದಿನದಲ್ಲಿ ನೆಟ್ಟಗಾಗುತ್ತದೆ ಎಂದಳು.

ತ್ರಿವೇಣಿ ಕರಿ ದಾರ ಕಟ್ಟಿದಳು, ಗುಳಿಗೆ ಕೊಟ್ಟಳು. ಮೂಗನ್ನೂ ತಿಕ್ಕಿದಳು. ಬಚ್ಚಲ ಬಾಗಿಲು ಹಾಕಿಕೊಂಡು ಹೊರಗೆ ನಿಂತಾಗ ಒಳಗೆ ಬಕೇಟಿಗೆ ತಲೆ ಬಡಿದ ಸದ್ದು ಕೇಳಿಸಿತು, ಮತ್ತೊಮ್ಮೆ ಕೇಳಿಸಿತು. ಎಲ್ಲರಿಗೂ ಅದು ಹಟ ಎಂದು ತೋರಬಹುದಿತ್ತು. ಅವಳಿಗೆ ಮಾತ್ರ ಅದೇನೆಂದು ಒಬ್ಬರು ಹೇಳಿ ಹೋಗಿದ್ದರು. ಆದರೆ ಕಣ್ಣು ಎಂದು ಒಪ್ಪಿಕೊಂಡರೆ ಯಾಕೆ ಎಂಬ ಪ್ರಶ್ನೆಯನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು. ಹಟವೇ ಇರಲಿ ಎಂದು ಇನ್ನೂ ಹದಿನೈದು ದಿನ ತಳ್ಳಿದಳು.

ಬೆಕ್ಕು ಹಾಲಿನ ಬಟ್ಟಲನ್ನು ತುಳಿದುಕೊಂಡೇ ಅದನ್ನು ಹುಡುಕುತ್ತಿದ್ದ ದಿನ, ಅತ್ತೆಗೆ ಅಂಗಡಿಗೆ ಹೋಗುತ್ತೇನೆಂದು ಹೇಳಿ, ಬೆಕ್ಕನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಪ್ರಾಣಿಗಳಿಗೆ ಔಷಧ ಕೊಡುವ ಪ್ರಲ್ಹಾದ ಡಾಕ್ಟರರ ಹತ್ತಿರ ಹೋದಳು. ಮೂರು ಓಣಿ ಆಚೆ ಅವರ ದವಾಖಾನೆ, ಎಷ್ಟೋ ಸಲ ಅದರ ಮುಂದೆ ಹಾದು ಹೋಗಿದ್ದಳು. ಡಾಕ್ಟರರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಆಮೇಲೆ ಒಂದು ಹತ್ತಿಯ ಉಂಡೆಯನ್ನು ಬೆಕ್ಕಿನ ಮೂಗಿನ ಮುಂದೆ ಮೇಲಿನಿಂದ ಬಿಟ್ಟರು. ಸದ್ದಿಲ್ಲದೆ ಬಿತ್ತು. ಬೆಕ್ಕು ತಲೆ ಅಲುಗಿಸಲಿಲ್ಲ. ಎದೆಗೆ ಕೊಳವೆ ಇಟ್ಟು ತುಸು ಹೊತ್ತು ಕೇಳಿ, ಏನು ತಿನ್ನುತ್ತದೆ ಎಂದು ಮರಾಠಿಯಲ್ಲಿ ಕೇಳಿದರು.

ಕಾಳು ಎಂದಳು ತ್ರಿವೇಣಿ.

ಯಾವ ಕಂಪನಿಯದು ಎಂದರು. ಅವಳಿಗೆ ಹೆಸರು ಬರಲಿಲ್ಲ. ಮೀನಿನ ಚಿತ್ರ ಇರುವುದು ಎಂದಳು. ಡಾಕ್ಟರರು ಕೊಳವೆಯನ್ನು ಕತ್ತಿಗೆ ಹಾಕಿಕೊಂಡು, ಅದನ್ನೇ ತಿನ್ನುತ್ತಿದ್ದರೆ ಹೀಗಾಗುವುದಿಲ್ಲ ತಾಯಿ, ನಿಜ ಹೇಳಿದರೆ ನಾನು ಔಷಧ ಕೊಡಬಹುದು ಎಂದರು. ಆಗ ಹೇಳಿದಳು. ಹಾಲನ್ನ, ಚಪಾತಿ, ತುಪ್ಪ. ಎಷ್ಟು ದಿನದಿಂದ? ಒಂದು ವರ್ಷ ಮೂರು ತಿಂಗಳು.

ಅವರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ನಾಯಿ ಭಾಕರಿ ತಿಂದೂ ಬದುಕುತ್ತದೆ, ಬೆಕ್ಕಿನ ಮೈ ಬೇರೆ, ಅದಕ್ಕೆ ಬೇಕಾದ್ದನ್ನು ಅದು ತಾನೇ ಮಾಡಿಕೊಳ್ಳಲಾರದು ಎಂದು ವಿವರಿಸಿದರು. ಕಣ್ಣಿನ ಹಿಂದಿನ ಪರದೆ ಸತ್ತಿದೆ, ಅದು ಮುಗಿದ ಕತೆ. ಹೃದಯವೂ ದೊಡ್ಡದಾಗಿದೆ, ಇವತ್ತಿನಿಂದ ಸರಿಯಾಗಿ ತಿನ್ನಿಸಿದರೆ ಅದು ಸುಧಾರಿಸಬಹುದು. ಕಾಳು, ಇಲ್ಲವೇ ಬೇಯಿಸಿದ ಮೀನು, ಕೋಳಿ. ಜೊತೆಗೆ ಒಂದು ಸಣ್ಣ ಡಬ್ಬಿ ಬಿಳಿ ಪುಡಿ ಕೊಟ್ಟರು. ಅದೇ ಸತ್ವ ಎಂದರು.

"ಇದರಾಗ ಮಾಂಸ ಇರತದೇನ್ರಿ?" ಎಂದು ತ್ರಿವೇಣಿ ಮರಾಠಿ ಮರೆತು ಕನ್ನಡದಲ್ಲೇ ಕೇಳಿಬಿಟ್ಟಳು. ಡಾಕ್ಟರರಿಗೆ ಮಾಂಸ ಎಂಬ ಶಬ್ದ ತಿಳಿಯಿತು. ಡಬ್ಬಿ ತಿರುಗಿಸಿ ಹಸಿರು ಚುಕ್ಕೆ ತೋರಿಸಿದರು. ಇದು ಕಾರ್ಖಾನೆಯಲ್ಲಿ ಆಗುವ ವಸ್ತು, ಉಪ್ಪು ಸಕ್ಕರೆ ಇದ್ದಂತೆ. ನಿಮ್ಮ ಮನೆಯಲ್ಲಿ ಮಾಂಸ ನಡೆಯದಿದ್ದರೆ ಮೊದಲೇ ಬಂದು ಕೇಳಬೇಕಿತ್ತು. ಹಾಲನ್ನದ ಮೇಲೆ ದಿನಾ ಒಂದು ಚಿಟಿಕೆ ಉದುರಿಸಿದ್ದರೂ ಕಣ್ಣು ಉಳಿಯುತ್ತಿದ್ದವು.

ಒಂದು ಚಿಟಿಕೆ. ವಿಭೂತಿಯಂತೆ ಬೆಳ್ಳಗಿತ್ತು. ತ್ರಿವೇಣಿ ಡಬ್ಬಿಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಬಿಸಿಲಲ್ಲಿ ಮೂರು ಓಣಿ ನಡೆದು ಬಂದಳು. ಅತ್ತೆಗೆ ಹೇಳದೆ ಮೀನು ತರಬೇಕಾಗಿರಲಿಲ್ಲ, ಹೊಸ್ತಿಲು ಮುರಿಯಬೇಕಾಗಿರಲಿಲ್ಲ. ಕೇಳಬೇಕಾಗಿತ್ತು. ಕೇಳಿದ್ದರೆ ಬೆಕ್ಕಿನ ಕಣ್ಣೂ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಇಷ್ಟು ಅಗ್ಗಕ್ಕೆ ಉಳಿಯಬಹುದಾಗಿದ್ದ ಕಣ್ಣುಗಳನ್ನು ತಾನು ಎಷ್ಟು ಕಷ್ಟಪಟ್ಟು ಕಳೆದೆನಲ್ಲ ಎಂದು ಯೋಚಿಸಿದರೆ ಅವಳಿಗೆ ಅಳುವೂ ಬರಲಿಲ್ಲ.

ಆ ವಾರವೇ ಅಪೂರ್ವಳ ಫೋನು ಬಂತು. ಕೆಲಸ ಮುಗಿಯಿತು, ಸೋಮವಾರ ಬರುತ್ತೇನೆ ಎಂದಳು. ದನಿಯಲ್ಲಿ ಕುಣಿತವಿತ್ತು. ಆಗಲೂ ಹೇಳಬಹುದಿತ್ತು. ತ್ರಿವೇಣಿ, ಬೆಕ್ಕು ತುಸು ಸೊರಗಿದೆ ಎಂದಷ್ಟೇ ಹೇಳಿದಳು.

ಸೋಮವಾರ ಸಂಜೆ ಹೆಂಗಸರು ಇನ್ನೂ ಚಹಾ ಕುಡಿಯುತ್ತಿದ್ದರು, ಅಪೂರ್ವ ಏರ್‌ಪೋರ್ಟಿನಿಂದ ನೇರ ಬಂದು ಚೀಲಗಳನ್ನು ಮೆಟ್ಟಿಲ ಮೇಲೇ ಬಿಟ್ಟು ಒಳಗೆ ಬಂದಳು. ಭೀಮವ್ವ ಬಹಳ ಸಂತೋಷಪಟ್ಟರು. ಬಾ ಬಾ ಎಂದು ಕೈ ಹಿಡಿದು ಕೂರಿಸಿ, ಎಲ್ಲರ ಎದುರು, ಇಗೋ ನಿನ್ನ ಬೆಕ್ಕು, ಒಂದೂಕಾಲು ವರ್ಷ ಒಂದು ದಿನವೂ ಮೀನು ಮುಟ್ಟಿಲ್ಲ, ನನ್ನ ಸೊಸೆ ಅದನ್ನು ಮನುಷ್ಯರಿಗಿಂತ ಚಲೋ ಮಾಡಿದ್ದಾಳೆ ಎಂದರು.

ಅಪೂರ್ವಳ ಮುಖದ ನಗು ಒಮ್ಮೆಗೇ ಹೋಗಲಿಲ್ಲ. ಅರ್ಥವಾಗದ ಮಾತಿಗೆ ನಗುವಂತೆ ನಗುತ್ತಲೇ ನೆಲದ ಮೇಲೆ ಮೊಣಕಾಲೂರಿ, "ಕೋಡೂ," ಎಂದಳು. ಮೂಲೆಯಲ್ಲಿದ್ದ ಬೆಕ್ಕು ಕಿವಿ ನಿಗುರಿಸಿತು. ದನಿ ಗುರುತು ಹಿಡಿಯಿತು. ಓಡಿಬಂತು. ಓಡಿಬಂದದ್ದು ಟೀಪಾಯಿಯ ಕಾಲಿಗೆ. ಹಣೆ ಬಡಿದುಕೊಂಡು ಕೂತು, ಮತ್ತೆ ಎದ್ದು, ಈ ಸಲ ನಿಧಾನವಾಗಿ, ಮೀಸೆಯಿಂದ ನೆಲ ತಡವುತ್ತ ಅವಳ ಕೈಯವರೆಗೆ ಬಂತು. ಒಡತಿ ಬಂದ ಗಡಿಬಿಡಿ ಎಂದು ಹೆಂಗಸರು ನಕ್ಕರು.

ಅಪೂರ್ವ ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ತ್ರಿವೇಣಿಯತ್ತ ತಿರುಗಿ ದನಿ ತಗ್ಗಿಸಿದಳು.

"ಹೋಗೋ ಮುಂಚೆ ಹೇಳಿದ್ದೆ ಅಲ್ವಾ ಆಂಟಿ?"

"ಹೇಳಿದ್ದಿ."

"ಮರ್ತೋಗಿತ್ತಾ?"

ಹುಡುಗಿ ತಾನೇ ಬಾಗಿಲು ತೆರೆದು ಕೊಟ್ಟಿದ್ದಳು. ಹೂಂ ಎಂದರೆ ಸಾಕಾಗಿತ್ತು. ಗಂಟಲಿನಿಂದ ತಾನಾಗಿ ಹೊರಡುವ ಆ ಹೂಂ ಅಂದು ಮಾತ್ರ ಹೊರಡಲಿಲ್ಲ.

"ಇಲ್ಲವಾ. ನೆನಪಿತ್ತು."

"ಭಾನುವಾರದ ವಿಡಿಯೋಗಳು?"

ತ್ರಿವೇಣಿ ಟೀಪಾಯಿಯ ಮೇಲಿನ ಕಪ್ಪುಗಳನ್ನು ಒಂದೊಂದಾಗಿ ಎತ್ತತೊಡಗಿದಳು. ಅಪೂರ್ವ ಬೆಕ್ಕನ್ನು ಎದೆಗವಚಿಕೊಂಡು ಮೇಲೆ ಹೋದಳು. ವಾರದೊಳಗೆ ಖೋಲಿ ಖಾಲಿ ಮಾಡಿದಳು. ಖರಾಡಿಯ ಕಡೆ ಎಲ್ಲೋ ಜಾಸ್ತಿ ಬಾಡಿಗೆಗೆ ಮನೆ ಸಿಕ್ಕಿತಂತೆ. ಹೋಗುವಾಗ ಭೀಮವ್ವನ ಕಾಲು ಮುಟ್ಟಿ ನಮಸ್ಕರಿಸಿದಳು. ತ್ರಿವೇಣಿ ಬಾಗಿಲಲ್ಲಿ ಬಿಳಿ ಪುಡಿಯ ಡಬ್ಬಿ ಹಿಡಿದು ನಿಂತಿದ್ದಳು. ಅಪೂರ್ವ ಅದನ್ನು ತೆಗೆದುಕೊಂಡು, ಅಂಗಡಿಯವರಿಗೆ ಹೇಳುವಂತೆ ಥ್ಯಾಂಕ್ಸ್ ಎಂದು ಇಳಿದಳು.

ಆ ರಾತ್ರಿ ಊಟಕ್ಕೆ ಬಡಿಸುವಾಗ ತ್ರಿವೇಣಿ ಅತ್ತೆಗೆ ಎಲ್ಲ ಹೇಳಿದಳು. ಅಪೂರ್ವ ಹೇಳಿಹೋದದ್ದು, ಡಾಕ್ಟರರು ಹೇಳಿದ್ದು, ಟಾಕಿಯ ಹಿಂದಿನ ಡಬ್ಬಿ. ಹೇಳುತ್ತ ಹೇಳುತ್ತ, ಇನ್ನು ಬೈಗುಳ ಬರುತ್ತದೆ ಎಂದು ಕಾಯುತ್ತಿದ್ದಳು. ಒಂದರ್ಥದಲ್ಲಿ ಅದಕ್ಕಾಗಿಯೇ ಹೇಳಿದ್ದಳು. ಬೈದರೆ ತಪ್ಪಿನ ಅರ್ಧ ಭಾರ ಆ ಬಾಯಿಯ ಮೇಲೆ ಹೋಗುತ್ತದೆ.

ಭೀಮವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು.

"ಕಣ್ಣ ಹೋಗತಾವ ಅಂತ ನನಗ ಯಾಕ ಹೇಳಲಿಲ್ಲ ನೀ?"

"ನೀವು ಬ್ಯಾಡ ಅಂದಿದ್ರಿ."

"ಚೀಲ ಬ್ಯಾಡ ಅಂದಿದ್ದೆ. ಅದರ ಕಣ್ಣ ಬ್ಯಾಡ ಅಂದಿದ್ನೇನು?" ಭೀಮವ್ವ ದನಿ ಏರಿಸಲಿಲ್ಲ. "ಚನ್ನ್ಯಾ ಹೊರಗ ತತ್ತಿ ತಿಂದು ಬರತಾನ, ನನಗ ಗೊತ್ತಿಲ್ಲೇನು? ಗೊತ್ತಿದ್ದೂ ಸುಮ್ಮ ಇದ್ದೀನಿ. ಬೆಕ್ಕಿಗೂ ಸುಮ್ಮ ಇರ್ತಿದ್ದೆ. ಮ್ಯಾಲೆ ಖೋಲ್ಯಾಗ ಹಾಕು, ನನ್ನ ಕಣ್ಣಿಗೆ ಬೀಳಬ್ಯಾಡ ಅಂತಿದ್ದೆ. ಒಂದ್ ಮಾತ ಹೇಳಬೇಕಿತ್ತವಾ ನೀ."

ಇಷ್ಟು ಹೇಳಿ ಮತ್ತೆ ರೊಟ್ಟಿ ಮುರಿದರು. ತ್ರಿವೇಣಿ ಪಲ್ಯದ ಪಾತ್ರೆ ಹಿಡಿದುಕೊಂಡು ನಿಂತಲ್ಲೇ ನಿಂತಳು. ಅತ್ತೆಯ ಅಂಜಿಕೆಯಿಂದ ಹೀಗಾಯಿತು ಎಂಬ ಒಂದು ಮಾತನ್ನು ಅವಳು ಒಂದೂಕಾಲು ವರ್ಷ ಬಚ್ಚಿಟ್ಟುಕೊಂಡಿದ್ದಳು, ಬೇಕಾದಾಗ ತೆಗೆಯಲು. ತೆಗೆದಾಗ ಅದರಲ್ಲಿ ಏನೂ ಇರಲಿಲ್ಲ. ಅಂಜಿಕೆ ಮೊದಲ ವಾರದ್ದು. ಆಮೇಲಿನದು ಸೋಮವಾರದ ಆ ಎರಡು ಮಾತಿನ ರುಚಿ.

ಮುಂದಿನ ಸೋಮವಾರ ಗುರುಬಸವ್ವ ಎಲ್ಲರಿಗಿಂತ ಮೊದಲೇ ಬಂದರು. ಕೈಯಲ್ಲಿ ಬುಟ್ಟಿ, ಬುಟ್ಟಿಗೆ ಹಳೆಯ ಟವೆಲು. ಟವೆಲು ಸರಿಸಿದರೆ ಒಂದು ಹಳದಿ ಪಟ್ಟೆಯ ಮರಿ, ಎರಡು ತಿಂಗಳದ್ದು ಇರಬಹುದು. ಸೊಸೆ ಎಲ್ಲಿಂದಲೋ ತಂದಿದ್ದಾಳೆ, ಪೇಟೆಯ ಕಾಳನ್ನೇ ಹಾಕಬೇಕೆಂದು ಹಟ ಹಿಡಿದಿದ್ದಾಳೆ, ನಮ್ಮ ಮನೆಯಲ್ಲಿ ಅದು ನಡೆಯುತ್ತದೆಯೇ, ತ್ರಿವೇಣಿ ಹೇಳಿದರೆ ಅವಳು ಕೇಳಿಯಾಳು, ಮೊದಲ ದಿನದಿಂದ ಹ್ಯಾಗೆ ಶುರು ಮಾಡಬೇಕು ಹೇಳವಾ ಎಂದರು. ಅಷ್ಟರಲ್ಲಿ ಇನ್ನೂ ನಾಲ್ಕೈದು ಮಂದಿ ಬಂದು ಕೂತಿದ್ದರು. ಮರಿ ಬುಟ್ಟಿಯ ಅಂಚಿಗೆ ಕಾಲಿಟ್ಟು, ಮೇಲೆ ತಿರುಗುತ್ತಿದ್ದ ಫ್ಯಾನನ್ನು ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿತ್ತು.

"ನಿಮ್ಮ ಸೊಸಿ ಹೇಳೂದ ಖರೆ ಅದ್ರಿ," ಎಂದಳು ತ್ರಿವೇಣಿ. "ಅದಕ್ಕ ಕಾಳ ಹಾಕ್ರಿ, ಮೀನಿಂದು. ಹಾಲನ್ನ ಹಾಕಿದ್ರ ಕಣ್ಣ ಹೋಗತಾವ. ನಮ್ಮ ಬೆಕ್ಕಿನ ಕಣ್ಣ ನಾನ ಕಳದೀನಿ."

ಗುರುಬಸವ್ವ ಮೊದಲು ನಕ್ಕರು, ಚೇಷ್ಟೆಯೆಂದು ತಿಳಿದು. ತ್ರಿವೇಣಿ ನಗಲಿಲ್ಲ. ಡಾಕ್ಟರರ ಹೆಸರು ಹೇಳಿದಳು, ದವಾಖಾನೆಯ ಓಣಿ ಹೇಳಿದಳು, ಬಿಳಿ ಪುಡಿಯ ಸಂಗತಿ ಹೇಳಿದಳು. ಹೇಳಿದಷ್ಟೂ ಗುರುಬಸವ್ವನ ಮುಖ ಬಿಗಿಯಿತು.

"ತೇಜ ನಾನ ನೋಡೀನಲ್ಲವಾ ಅದರ ಕಣ್ಣಾಗ, ಈ ತೊಡಿ ಮ್ಯಾಲೆ ಕುಂದರಿಸಿಕೊಂಡು," ಎಂದರು. "ಇನ್ನೊಬ್ಬರ ಮನಿ ಬೆಕ್ಕಿಗೂ ಹೆಸರ ಬಂದ್ರ ನಿನಗೇನ್ ಕಡಿಮಿ ಆಗತದ?"

"ಹಂಗಲ್ರಿ—"

"ಇರಲಿ ಬಿಡು." ಅವರು ಭೀಮವ್ವನತ್ತ ತಿರುಗಿದರು. "ನೀವ ಹೇಳ್ರಿ ಭೀಮಕ್ಕ. ನಿಮ್ಮ ಸೊಸಿ ಅನ್ನೂದು ಖರೆ ಏನು? ಲಿಂಗವಂತರ ಮನ್ಯಾಗ ಮೀನ ಹಾಕಬೇಕೇನು ನಾವು?"

ಎಲ್ಲರೂ ಭೀಮವ್ವನನ್ನು ನೋಡಿದರು. ತ್ರಿವೇಣಿಯೂ ನೋಡಿದಳು. ಮೊನ್ನೆ ರೊಟ್ಟಿ ಮುರಿಯುತ್ತ ಹೇಳಿದ್ದನ್ನು ಈಗ ಈ ಐದಾರು ಮಂದಿಯ ಎದುರು ಹೇಳಿದರೆ ಸಾಕಿತ್ತು, ಅದರಲ್ಲಿ ಅರ್ಧ ಹೇಳಿದರೂ ಸಾಕಿತ್ತು. ಭೀಮವ್ವ ಮರಿಯನ್ನು ನೋಡಿದರು. ಕೊರಳ ಲಿಂಗದ ಕರಡಿಗೆಯನ್ನು ಸೆರಗಿನ ಒಳಗೆ ಸರಿಸಿಕೊಂಡರು.

"ಅವರವರ ಮನಿ ವಿಚಾರವಾ," ಎಂದರು. "ನಾ ಏನ್ ಹೇಳಲಿ."

ಗುರುಬಸವ್ವ ಮರಿಯ ತಲೆಯನ್ನು ಬೆರಳಿನಿಂದ ಒತ್ತಿ ಒಳಗೆ ಕೂರಿಸಿ ಟವೆಲು ಮುಚ್ಚಿದರು. ಅವರ ಸೊಸೆಯ ಫೋನ್ ನಂಬರು ಕೊಡಿರೆಂದು ತ್ರಿವೇಣಿ ಕೇಳಿದಳು. ಆ ಹುಡುಗಿ ಮೊಬೈಲು ಹೆಚ್ಚಾಗಿಯೇ ಕೆಟ್ಟಿದ್ದಾಳೆ ಎಂದು ಗುರುಬಸವ್ವ ಉತ್ತರ ಕೊಟ್ಟರು. ಅಲ್ಲಿಗೆ ಆ ವಿಷಯ ಮುಗಿಯಿತು. ಒಬ್ಬರು ತಾಳ ತೆಗೆದರು, ಇನ್ನೊಬ್ಬರು ಗಂಟಲು ಸರಿಮಾಡಿಕೊಂಡರು.

ತ್ರಿವೇಣಿ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಹೊರಗೆ ಹಾಡು ಶುರುವಾಯಿತು. ಹಾಡಿನ ನಡುವೆ ನಡುವೆ ಟವೆಲಿನ ಕೆಳಗಿನಿಂದ ಮರಿ ಕೂಗುವುದು ಕೇಳುತ್ತಿತ್ತು. ಅದಕ್ಕೆ ಹಸಿವಾಗಿರಬೇಕು, ಒಂದು ಬಟ್ಟಲು ಹಾಲನ್ನ ಕಲಸಿ ತಾ ಎಂದು ಯಾರೋ ಅವಳನ್ನು ಕರೆದು ಹೇಳಿದರು.